ರೂಢಿ, ನಂಬಿಕೆ, ನಿರೀಕ್ಷೆ

ಮನುಷ್ಯನು ಮೊದಲು ನಂಬುತ್ತಾನೆ, ನಂಬಿದ ತರುವಾಯ ಅದರಂತೆ ನಡೆಯುತ್ತಾನೆ ಎಂದು ನಾವು ವೇದಶಾಲೆಯಲ್ಲಿ ಕಲಿತೆವು. ಪುಸ್ತಕದಲ್ಲಿ ಈ ಮಾತು ಚೆನ್ನಾಗಿಯೇ ಕಾಣುತ್ತದೆ. ಆದರೆ ಅನೇಕ ವರುಷ ಹಳ್ಳಿಯ ಮನೆಗಳಲ್ಲಿ ತಿರುಗಾಡಿದ ಮೇಲೆ ಅದು ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಸಕ್ಕರೆ ರೋಗವುಂಟು. ಅವರು ವೈದ್ಯರ ಮಾತನ್ನು ಸಂಪೂರ್ಣವಾಗಿ ನಂಬುತ್ತಾರೆ, ಇತರರಿಗೂ ವಿವರಿಸಿ ಹೇಳುತ್ತಾರೆ. ಆದಾಗ್ಯೂ ಬೆಳಗಾವಿಯ ಪೇಟೆಗೆ ಹೋದಾಗಲೆಲ್ಲಾ ಕುಂದಾದ ಪೊಟ್ಟಣವಿಲ್ಲದೆ ಹಿಂದಿರುಗುವದಿಲ್ಲ. ಅವರು ಕಪಟಿಗಳಲ್ಲ. ಅವರ ನಂಬಿಕೆಯು ಬಾಯಿಯ ವರೆಗೆ ಬಂದಿದೆ, ಕೈಗೆ ಇನ್ನೂ ಇಳಿದಿಲ್ಲ. ಪ್ರಿಯ ವಾಚಕರೇ, ನಮ್ಮಲ್ಲಿ ಬಹುಮಂದಿಯ ಸಂಗತಿಯೂ ಹೀಗೆಯೇ. ಮುಂಜಾನೆ ಕಣ್ಣು ತೆರೆದ ಕೂಡಲೇ ನಮ್ಮ ಕೈ ಯಾವದನ್ನು ಹುಡುಕುತ್ತದೆಂದು ನೋಡಿಕೊಂಡರೆ (ಈಗ ಅದು ಹೆಚ್ಚಾಗಿ ಮೊಬೈಲನ್ನೇ ಹುಡುಕುತ್ತದೆ) ನಾವು ಏನನ್ನು ನಂಬಿದ್ದೇವೆಂಬದು ನಮಗೇ ತಿಳಿದೀತು.

ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಕುಂಬಾರಿಕೆಯನ್ನು ಕಲಿಸುವ ಒಂದು ಸಂಸ್ಥೆಯೂ ಅಲ್ಲಿರುತ್ತದೆ. ಈ ಕೆಲಸವನ್ನು ಕಲಿಯುವ ಹುಡುಗನಿಗೆ ಮೊದಲು ತಿಗರಿಯನ್ನು ಕೊಡುವದಿಲ್ಲ. ಮಣ್ಣನ್ನು ನೆನೆಸಿ, ಹರಳು ಆರಿಸಿ, ನಾದುವದಕ್ಕೆ ಹಚ್ಚುತ್ತಾರೆ. ಇಷ್ಟು ನಾದುವದು ಯಾಕೆಂದು ಅವನಿಗೆ ಬೇಸರವಾಗುತ್ತದೆ. ಮಣ್ಣಿನೊಳಗೆ ಗಾಳಿಯು ಉಳಿದರೆ ಪಾತ್ರೆಯು ಆವಿಗೆಯಲ್ಲಿ ಒಡೆಯುವದೆಂದು ಹೇಳಿದರೆ ಅವನು ಹೂಂ ಎನ್ನುತ್ತಾನೆ, ಆದರೆ ಅದು ಅವನ ಮನಸ್ಸಿಗೆ ಹತ್ತುವದಿಲ್ಲ. ಕಲಿಸುವವನು ಅವನ ನಂಬಿಕೆಗಾಗಿ ಕಾಯುತ್ತಾ ಕೂಡ್ರುವದಿಲ್ಲ, ನಾದಿಸುತ್ತಾನೆ. ನಂಬಿಕೆಯು ತಿಂಗಳುಗಳಾದ ಮೇಲೆ ಕೈಯಿಂದ ಮನಸ್ಸಿಗೆ ಏರುತ್ತದೆ.

ಹಾಗಾದರೆ ಒಂದು ನಿಯಮವನ್ನು ಮಾಡಿ ಎಲ್ಲರಿಗೂ ಒಳ್ಳೇ ರೂಢಿಯನ್ನು ಹಾಕಿಬಿಟ್ಟರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಬೆಳಗಾವಿಯಲ್ಲಿಯೇ ಒಂದು ದೊಡ್ಡ ದೃಷ್ಟಾಂತವುಂಟು. 1924ನೇ ಇಸವಿಯ ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಕೂಡಿದ ಕಾಂಗ್ರೆಸ್ಸಿನ ಮಹಾಸಭೆಗೆ ಗಾಂಧಿಯವರು ಅಧ್ಯಕ್ಷರಾಗಿದ್ದರು. ತಮ್ಮ ಜೀವಮಾನದಲ್ಲಿ ಅವರು ಆ ಸ್ಥಾನವನ್ನು ವಹಿಸಿದ್ದು ಅದೊಂದೇ ಸಾರಿ. ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ನೋಡಿದವರಿಗೆ ಇದು ಗೊತ್ತಿರುವದು. ಆದರೆ ಆ ಸಭೆಯು ಒಪ್ಪಿದ ಒಂದು ನಿಯಮವನ್ನು ನೆನಸುವವರು ಈಗ ಕಡಿಮೆ. ಅದೇನಂದರೆ, ಅಂದಿನ ವರೆಗೆ ನಾಲ್ಕಾಣೆ ಕೊಟ್ಟು ಸದಸ್ಯರಾಗುತ್ತಿದ್ದವರು ಇನ್ನು ಮುಂದೆ ಹಣಕ್ಕೆ ಬದಲಾಗಿ ತಿಂಗಳಿಗೆ 2000 ಗಜ, ಅಂದರೆ ವರುಷಕ್ಕೆ 24000 ಗಜ ನೂಲನ್ನು ಸ್ವಂತ ಕೈಯಿಂದ ನೂತು ಕೊಡತಕ್ಕದ್ದು. ದಿನಕ್ಕೆ ಅರ್ಧ ತಾಸು ರಾಟಿಯ ಮುಂದೆ ಕೂತುಕೊಳ್ಳಿರೆಂಬದೇ ಗಾಂಧಿಯವರ ಬೇಡಿಕೆಯಾಗಿತ್ತು. ಆದರೂ ಅದೇ ನಿಯಮದಲ್ಲಿ ಒಂದು ಹಿತ್ತಲ ಬಾಗಿಲನ್ನು ಸಹ ಇಟ್ಟರು. ರೋಗದಿಂದಾಗಲಿ, ಮನಸ್ಸಿಲ್ಲದ್ದರಿಂದಾಗಲಿ ತಾನು ನೂಲದವನು ಬೇರೊಬ್ಬನು ನೂತದ್ದನ್ನು ತಂದು ಕೊಡಬಹುದಾಗಿತ್ತು. ಕೊಂಡ ನೂಲಿನಿಂದಲೂ ಸದಸ್ಯತ್ವವು ದೊರೆಯುತ್ತಿತ್ತು. ರಾಟಿಯ ರೂಢಿ ಮಾತ್ರ ಅದರಿಂದ ದೊರೆಯಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟಣಾದಲ್ಲಿ ಕೂಡಿದ ಸಮಿತಿಯು ನೂಲಾದರೂ ಸರಿ, ನಾಲ್ಕಾಣೆಯಾದರೂ ಸರಿ ಎಂದು ಹೇಳಿಬಿಟ್ಟಿತು. ನೂಲೊಂದೇ ಎಂಬ ನಿಯಮದ ಆಯುಷ್ಯವು ಒಂಭತ್ತು ತಿಂಗಳು.

ಇಷ್ಟಾದರೂ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಆ ಮಹಾಸಭೆಯ ಭಾರವನ್ನು ಹೊತ್ತ ಗಂಗಾಧರರಾವ ದೇಶಪಾಂಡೆಯವರ ಊರಾದ ಹುದಲಿಯು ಬೆಳಗಾವಿ ತಾಲೂಕಿನಲ್ಲಿದೆ. ಗಾಂಧಿಯವರು 1937ರಲ್ಲಿ ಅಲ್ಲಿಗೆ ಬಂದಿದ್ದರು. ಹುದಲಿಯಲ್ಲಿ ಇಂದಿಗೂ ಖಾದಿಯ ಕೆಲಸವು ನಡೆಯುತ್ತದೆ. ಅಲ್ಲಿ ನೂಲುವವರು ಯಾವ ಸದಸ್ಯತ್ವಕ್ಕಾಗಿಯೂ ನೂಲುವದಿಲ್ಲ, ಸ್ವರಾಜ್ಯಕ್ಕಾಗಿಯೂ ಅಲ್ಲ, ಅದು 1947ರಲ್ಲಿ ಬಂದೇ ಹೋಯಿತು. ಕೂಲಿಗಾಗಿ ನೂಲುತ್ತಾರೆ. ಇದು ಸಣ್ಣ ಕಾರಣವೆಂದು ನಗುವವರುಂಟು. ನಾವು ನಗಲಾರೆವು, ಯಾಕಂದರೆ ಯಾವ ದೊಡ್ಡ ನಿರೀಕ್ಷೆಯು ಆ ರಾಟಿಗಳನ್ನು ಮೊದಲು ತಿರುಗಿಸಿತೋ ಅದು ನೆರವೇರಿ ದಾಟಿಹೋದ ಮೇಲೆಯೂ ಕೆಲಸವು ನಿಲ್ಲದೆ ದಿನದ ಅನ್ನದ ಮೇಲೆ ಕಾಲೂರಿಕೊಂಡು ನಿಂತಿದೆ.

ಈ ಹಳೇ ಸಂಗತಿಯನ್ನು ಇಷ್ಟು ದೀರ್ಘವಾಗಿ ಬರೆಯುವದಕ್ಕೆ ಕಾರಣವೇನಂದರೆ, ಇದೇ ಪ್ರಶ್ನೆಯು ಈಗ ನಮ್ಮ ಹಳ್ಳಿಗಳ ತರುಣರ ಮುಂದೆ ಬೇರೊಂದು ರೂಪದಲ್ಲಿ ನಿಂತಿರುತ್ತದೆ. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವು ಬೆಳಗಾವಿಯಲ್ಲಿರುವದರಿಂದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಸಿಪಾಯಿಯಾಗುವ ಆಶೆಯು ತಂದೆಯಿಂದ ಮಗನಿಗೆ ಬರುತ್ತದೆ. ಭರ್ತಿಗಾಗಿ ಹುಡುಗರು ಕತ್ತಲೆಯಲ್ಲಿಯೇ ಎದ್ದು ರಸ್ತೆಯ ಮೇಲೆ ಓಡುತ್ತಾರೆ. ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ಬಲ್ಲ ಒಬ್ಬ ತರುಣನು ಮೂರು ವರುಷ ಹೀಗೆ ಓಡಿದನು. ಮಳೆಗಾಲದಲ್ಲಿಯೂ ಬಿಡಲಿಲ್ಲ, ಆ ಸೀಮೆಯ ಮಳೆಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ತಂಬಾಕನ್ನು ಮುಟ್ಟಲಿಲ್ಲ, ರಾತ್ರಿ ಒಂಭತ್ತಕ್ಕೆ ಮಲಗುತ್ತಿದ್ದನು. ಇಡೀ ಓಣಿಯು ಅವನನ್ನು ಮಾದರಿಯಾಗಿ ತೋರಿಸುತ್ತಿತ್ತು. ಮೂರು ಸಾರಿ ಭರ್ತಿಗೆ ಹೋಗಿ ಮೂರು ಸಾರಿಯೂ ಹಿಂದಿರುಗಿದನು. ವಯಸ್ಸಿನ ಮಿತಿ ದಾಟಿತು. ಮರುದಿನದಿಂದ ಓಟವು ನಿಂತಿತು. ಕೆಲವು ತಿಂಗಳಲ್ಲಿ ತಂಬಾಕು ಬಂತು. ಏಳುವದು ಎಂಟು ಗಂಟೆಗಾಯಿತು. ಈಗ ಅವನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರಖಾನೆಯಲ್ಲಿ ದುಡಿಯುತ್ತಾನೆ. ಇಷ್ಟು ದಿನ ಕಷ್ಟಪಟ್ಟು ಗಳಿಸಿದ್ದನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅವನು ಕೋಪವಿಲ್ಲದೆ, “ಆ ಓಡೋದು ನಂದಾಗಿರಲಿಲ್ರೀ, ಭರ್ತೀದಾಗಿತ್ತು” ಅಂದನು.

ಅವನ ತಾಯಿಯು ಮಾತ್ರ ಈಗಲೂ ನಾಲ್ಕು ಗಂಟೆಗೆ ಏಳುತ್ತಾಳೆ. ಮಗನಿಗೆ ಚಹಾ ಕಾಸುವದಕ್ಕಾಗಿ ಹತ್ತಿದ ರೂಢಿಯದು. ಈಗ ಆ ಹೊತ್ತಿನಲ್ಲಿ ಅಂಗಳ ಗುಡಿಸಿ, ದೀಪದ ಮುಂದೆ ಕೊಂಚ ಹೊತ್ತು ಸುಮ್ಮನೆ ಕೂತಿರುತ್ತಾಳೆ. ಎಚ್ಚರವಾಗುತ್ತದೆ, ಏನು ಮಾಡಲಿ ಎನ್ನುತ್ತಾಳೆ. ಅದು ದಿನದಲ್ಲಿ ತನಗೆಂದು ಸಿಕ್ಕುವ ಒಂದೇ ತಾಸೆಂದು ಮತ್ತೊಂದು ಸಾರಿ ಹೇಳಿದಳು.

ಒಂದೇ ಮನೆಯಲ್ಲಿ, ಒಂದೇ ನಿರೀಕ್ಷೆಯಿಂದ ಹುಟ್ಟಿದ ಎರಡು ರೂಢಿಗಳಲ್ಲಿ ಒಂದು ಸತ್ತಿತು, ಮತ್ತೊಂದು ಬದುಕಿತು. ಮಗನು ಸೋಮಾರಿಯೆಂದು ಹೇಳುವದು ಅನ್ಯಾಯ. ಮೂರು ವರುಷ ನಸುಕಿನಲ್ಲಿ ಓಡಿದವನನ್ನು ಸೋಮಾರಿಯೆನ್ನುವವರು ತಾವು ಒಂದು ವಾರ ಓಡಿ ನೋಡಲಿ. ನಿರೀಕ್ಷೆಯೇ ತಪ್ಪು, ಬಡವರ ಮಕ್ಕಳು ದೊಡ್ಡದನ್ನು ಆಶಿಸಬಾರದು ಎಂಬ ಮಾತನ್ನಂತೂ ನಾವು ಒಪ್ಪುವದೇ ಇಲ್ಲ. ನಿರೀಕ್ಷೆಯಿಲ್ಲದೆ ಯಾವ ಹುಡುಗನು ಕತ್ತಲೆಯಲ್ಲಿ ಹಾಸಿಗೆ ಬಿಟ್ಟು ಎದ್ದಾನು? ಆದರೆ ಓಟದಲ್ಲಿ ಅವನದೇ ಆದ ಭಾಗವೊಂದಿತ್ತು. ಬೆಳಗಿನ ಗಾಳಿ, ಹಗುರವಾದ ದೇಹ, ತನ್ನ ಮಾತನ್ನು ತಾನೇ ಕೇಳಿದ ಸಂತೋಷ, ಇವು ಭರ್ತಿಯ ಅಧಿಕಾರಿಯು ಕೊಟ್ಟವುಗಳೂ ಅಲ್ಲ, ಕಸಿದುಕೊಂಡವುಗಳೂ ಅಲ್ಲ. ಇದನ್ನು ಅವನಿಗೆ ಯಾರೂ ತೋರಿಸಿ ಕೊಡಲಿಲ್ಲ. ಮನೆಯವರು ಹಣ ಕೂಡಿಸಿ ಕೊಟ್ಟರು, ಊರವರು ಹೊಗಳಿದರು, ಎಲ್ಲರೂ ಫಲಿತಾಂಶವನ್ನೇ ಕೇಳಿದರು.

ಭರ್ತಿಯಾದವರಿಗೂ ಈ ಪ್ರಶ್ನೆಯು ತಪ್ಪಿದ್ದಲ್ಲ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಸೇವೆಯು ನಾಲ್ಕು ವರುಷ. ತರುವಾಯ ನೂರಕ್ಕೆ 25 ಮಂದಿಯ ವರೆಗೆ ಉಳಿಸಿಕೊಂಡು ಮಿಕ್ಕವರನ್ನು ಕಳುಹಿಸುವದೆಂದು ಅದರಲ್ಲಿ ಹೇಳಿದೆ. ಆಶಿಸಿದ್ದನ್ನು ಪಡೆದು, ಇಪ್ಪತ್ತೈದು ತುಂಬುವದರೊಳಗೆ ಹಿಂದಿರುಗುವವನು ಮನೆಗೆ ಬಂದ ಮೊದಲನೆಯ ಮುಂಜಾನೆ ಎಷ್ಟು ಹೊತ್ತಿಗೆ ಏಳುವನು?

ಮನಸ್ಸಿಲ್ಲದೆ ರೂಢಿಯಿಂದ ಮಾಡುವ ಪ್ರಾರ್ಥನೆಯು ವ್ಯರ್ಥ, ಮನಸ್ಸು ಬಂದಾಗ ಮಾಡಿದರಾಯಿತು ಎಂದು ನಮ್ಮ ಸಭೆಗಳಲ್ಲಿ ಕೆಲವರು ಹೇಳುವದುಂಟು. ದಾನಿಯೇಲನಿಗೆ ಅರಸನ ಆಜ್ಞೆಯ ಸುದ್ದಿ ತಿಳಿದ ದಿನ ಅವನು ಹೊಸದೇನನ್ನೂ ಮಾಡಲಿಲ್ಲ. ಮೊದಲಿನಿಂದ ಮಾಡುತ್ತಿದ್ದದ್ದನ್ನೇ ಅದೇ ಕಿಟಿಕಿಯ ಬಳಿಯಲ್ಲಿ ಮಾಡಿದನು. ಆ ದಿನ ಅವನಿಗೆ ಮನಸ್ಸು ಬಂದಿತ್ತೋ ಹೆದರಿಕೆ ಬಂದಿತ್ತೋ, ಮೊಣಕಾಲುಗಳಿಗೆ ದಾರಿಯು ಗೊತ್ತಿತ್ತು.

ಈಚೆಗೆ ಭರ್ತಿಗೆ ಹೊರಡುವ ಹುಡುಗರು ಆಶೀರ್ವಾದಕ್ಕಾಗಿ ಬಂದಾಗ ನಾವು ಒಂದು ಮಾತನ್ನು ಕೇಳುತ್ತೇವೆ: ಆಗದಿದ್ದರೆ ನಾಡಿದ್ದು ಎಷ್ಟು ಗಂಟೆಗೆ ಏಳುವಿರಿ? ಹೊರಡುವಾಗ ಅಪಶಕುನದ ಮಾತೇಕೆಂದು ಹಿರಿಯರು ಮುಖ ಗಂಟಿಕ್ಕುತ್ತಾರೆ. ಕೆಲವು ಹುಡುಗರು ನಗುತ್ತಾರೆ. ಕಳೆದ ಸಾರಿ ಒಬ್ಬನು ಮಾತ್ರ ನಗದೆ, ತಲೆ ಬಗ್ಗಿಸಿ ಲೆಕ್ಕ ಹಾಕುವವನಂತೆ ಕೊಂಚ ಹೊತ್ತು ನಿಂತು, ಅಷ್ಟು ದೂರ ಓಡಲಾರೆನು, ಮಲಪ್ರಭೆಯ ಸೇತುವೆಯ ವರೆಗೆ ಹೋಗಿ ಬರುವೆನು ಅಂದನು.