ಎಲ್ಲರಿಗೂ ಸಿಗದ ಪಾಠ

2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಣ್ಣ ತರಗತಿಗಳ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಐದನೇ ತರಗತಿಯವರೆಗೆ. ಆಗ ಶಿಕ್ಷಣ ಸಚಿವರಾಗಿದ್ದವರು ನಮ್ಮ ಪಕ್ಕದ ರಾಜಾಜಿನಗರದ ಶಾಸಕ ಎಸ್. ಸುರೇಶ್ ಕುಮಾರ್. ಪುಟ್ಟ ಮಕ್ಕಳು ಪರದೆಯ ಮುಂದೆ ಕೂರಬಾರದು ಎಂಬುದು ಅಂದಿನ ಒಂದು ವಾದ. ಉಳ್ಳವರ ಮಕ್ಕಳಿಗಷ್ಟೇ ಪಾಠ ಸಿಕ್ಕರೆ ಉಳಿದವರು ಹಿಂದೆ ಬೀಳುತ್ತಾರೆ ಎಂಬುದು ಇನ್ನೊಂದು. ಜುಲೈ 8ರಂದು ಹೈಕೋರ್ಟ್ ಇದಕ್ಕೆ ತಡೆ ಕೊಟ್ಟಿತು. ಮೇಲ್ನೋಟಕ್ಕೇ ಇದು ಸಂವಿಧಾನದ 21 ಮತ್ತು 21ಎ ವಿಧಿಗಳ ಉಲ್ಲಂಘನೆ ಎಂದಿತು.

ಆ ಎರಡನೇ ವಾದ ನನ್ನನ್ನು ಇನ್ನೂ ಬಿಟ್ಟಿಲ್ಲ. ತತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ ಇಂಥದ್ದಕ್ಕೆ ಒಂದು ಕಟು ಉದಾಹರಣೆ ಕೊಡುತ್ತಾನೆ: ಎಲ್ಲರ ಕಣ್ಣೂ ಹೋದರೆ ಸಮಾನತೆಯೇನೋ ಬರುತ್ತದೆ, ಆದರೆ ಅದರಿಂದ ಒಳಿತಾದದ್ದು ಯಾರಿಗೆ?

ಬ್ಯಾಡರಹಳ್ಳಿಯ ವಠಾರಗಳಲ್ಲಿ ನಿಂತು ನೋಡಿದರೆ ಇದನ್ನು ಅಷ್ಟು ಸಲೀಸಾಗಿ ಒಪ್ಪಲಾಗುವುದಿಲ್ಲ. ಮನೆಗೊಂದೇ ಸ್ಮಾರ್ಟ್‌ಫೋನ್, ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಪೀಣ್ಯಕ್ಕೆ ಹೋಗಿಬಿಡುತ್ತದೆ. ಶಿಕ್ಷಣದಲ್ಲಿ ಒಂದು ಭಾಗ ಓಟವೇ ತಾನೆ? ಸಿಇಟಿಯಲ್ಲಿ ಪಕ್ಕದವನ ರ‍್ಯಾಂಕ್ ಮೇಲೇರಿದರೆ ನನ್ನದು ಇಳಿಯುತ್ತದೆ. ಅಲ್ಲಿ ಅವನ ಲಾಭ ನನ್ನ ನಷ್ಟ. ಹಾಗಾಗಿ ತಡೆಯಬೇಕೆಂಬ ಮಾತು ಬರೀ ಹೊಟ್ಟೆಕಿಚ್ಚಲ್ಲ.

ಆದರೆ ಮೂರನೇ ತರಗತಿಯ ಮಗು ಒತ್ತಕ್ಷರ ಕಲಿತರೆ ಇನ್ನೊಂದು ಮಗುವಿನ ಅಕ್ಷರ ಕಡಿಮೆಯಾಗುವುದಿಲ್ಲ. ವಿಚಿತ್ರವೆಂದರೆ ನಿಷೇಧ ಬಂದದ್ದು ಓಟವಿಲ್ಲದ ಈ ತರಗತಿಗಳಿಗೇ. ಓಟ ಜೋರಾಗಿರುವ ಮೇಲಿನ ತರಗತಿಗಳಿಗೆ ಬರಲಿಲ್ಲ. ಕಣ್ಣಿನ ಆರೋಗ್ಯದ ಮಾತು ಬೇರೆ, ಅದು ಇಲ್ಲಿ ನಿಲ್ಲುತ್ತದೆ. ಸಮಾನತೆಯ ಮಾತು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಸರ್ಕಾರ ಮಾಡಬೇಕಿದ್ದದ್ದೇನು? ಅದನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಮಾಡಿಯೂ ತೋರಿಸಿತು. ವಿದ್ಯಾಗಮದಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು, ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಸೋಂಕಿನ ಭಯದಲ್ಲಿ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಲ್ಲಲೇಬೇಕಿತ್ತೇನೋ. ಆದರೆ ಅಷ್ಟಾದರೂ ಆಗಿದ್ದು ಯಾಕೆ? ತಿಂಗಳ ಸಂಬಳ ಕೊಟ್ಟು ಇಟ್ಟುಕೊಂಡ ಶಿಕ್ಷಕರು ಆ ಊರುಗಳಲ್ಲಿ ಮೊದಲೇ ಇದ್ದರು. ಆ್ಯಪ್‌ಗೆ ಜಗಲಿ ಗೊತ್ತಿಲ್ಲ, ಬಿಸಿಯೂಟ ಬಡಿಸಲೂ ಬರುವುದಿಲ್ಲ.

ಇದೇ ಬೆಂಗಳೂರಿನ ಬೈಜೂಸ್ 2022ರಲ್ಲಿ 22 ಶತಕೋಟಿ ಡಾಲರ್ ಬೆಲೆಯ ಕಂಪನಿ. 2024ರ ಜುಲೈಯಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ಉತ್ತರ ಹೇಳಬೇಕಾದ್ದು ಸಾಲ ಕೊಟ್ಟವರಿಗೆ. 21ಎ ವಿಧಿ ಮಗುವಿಗೆ ಉತ್ತರ ಹೇಳು ಎನ್ನುವುದು ಸರ್ಕಾರಕ್ಕೆ. (ಮಕ್ಕಳ ಸಂಖ್ಯೆ ಕಡಿಮೆ ಎಂದು ಸರ್ಕಾರಿ ಶಾಲೆಗಳೂ ಮುಚ್ಚುತ್ತವೆ, ಗೊತ್ತು. ಅದನ್ನು ಪ್ರಶ್ನಿಸಲು ನಮಗೊಂದು ಕಾನೂನಾದರೂ ಇದೆ.)

ಆನ್‌ಲೈನ್ ಪಾಠ ಬೇಡವೆಂದು ನಾನು ಹೇಳುತ್ತಿಲ್ಲ; ನನ್ನ ಸಂಶೋಧನೆಯ ಅರ್ಧ ಓದು ಅಲ್ಲೇ ನಡೆಯುತ್ತದೆ. ಆದರೆ ಬಜೆಟ್ಟಿನಲ್ಲಿ ಇರುವುದು ಒಂದೇ ಗಂಟು. ಸ್ಮಾರ್ಟ್ ಬೋರ್ಡು ಮೊದಲೋ, ವರ್ಷ ವರ್ಷವೂ ಅತಿಥಿ ಶಿಕ್ಷಕರಿಂದ ತುಂಬಿಸುವ ಖಾಲಿ ಹುದ್ದೆ ಮೊದಲೋ ಎಂದು ಕೇಳಿದರೆ ನನ್ನ ಓಟು ಹುದ್ದೆಗೆ.