ಯಾವ ಘಮ ದೇವರಿಗೆ ಸಲ್ಲುತ್ತದೆ?

ಜಪಾನಿನ ಝೆನ್ ಮಠಗಳ ಬಾಗಿಲಲ್ಲಿ ಒಂದು ಕಲ್ಲು ನಿಂತಿರುವುದುಂಟು. ಹೆಂಡವಾಗಲಿ, ಘಾಟಿನ ಗಡ್ಡೆ-ಸೊಪ್ಪಾಗಲಿ ಒಳಗೆ ಬರಕೂಡದು ಎಂದು ಅದರ ಮೇಲೆ ಕೊರೆದಿರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಆ ಕಲ್ಲು ದಾಟುವಂತಿಲ್ಲ. ಶಿಸೊ ದಾಟುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಲದ್ದೇ ಗಿಡ ಇದು. ಎಲೆ ಹಿಸುಕಿದರೆ ಸಾಕು, ಘಮ್ಮೆನ್ನುತ್ತದೆ. ಹಸಿರೆಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಕೆಂಪೆಲೆಯನ್ನು ಉಪ್ಪು ಹಾಕಿ ತಿಕ್ಕಿ ಉಮೆ ಎಂಬ ಹುಳಿಕಾಯಿಯ ಉಪ್ಪಿನಕಾಯಿಗೆ ಸೇರಿಸುತ್ತಾರೆ. ಹುಳಿ ತಾಗಿದ್ದೇ ತಡ, ರಸವೆಲ್ಲ ಕಡುಗೆಂಪು.

ಅಂದಮೇಲೆ ತಡೆ ಇರುವುದು ಘಮಕ್ಕಲ್ಲ. 1237ರಲ್ಲಿ ಝೆನ್ ಗುರು ದೋಗೆನ್ ಮಠದ ಅಡುಗೆಯವರಿಗಾಗಿ ಬರೆದ ‘ತೆಂಜೊ ಕ್ಯೋಕುನ್’ ಹೇಳುವ ಆರು ರುಚಿಗಳಲ್ಲಿ ಖಾರವೂ ಒಂದು. ಘಾಟಿನ ಪದಾರ್ಥ ಬೇಯಿಸಿ ತಿಂದರೆ ಕಾಮ, ಹಸಿಯಾಗಿ ತಿಂದರೆ ಸಿಟ್ಟು ಕೆರಳುತ್ತದೆ ಎನ್ನುತ್ತದೆ ಬೌದ್ಧರ ಶೂರಂಗಮ ಸೂತ್ರ. ಅಲ್ಲಿನ ಚಿಂತೆಯೆಲ್ಲ ತಿನ್ನುವವರ ಮನಸ್ಸಿನದು.

ಇನ್ನು ನಮ್ಮ ಕಡೆ ಬರೋಣ, ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ಅಂದರೆ ಹಳೆಯ ಪುಲಿಗೆರೆಗೆ. ಅಲ್ಲಿ ಜೈನರ ಶಂಖ ಬಸದಿಯೂ ಇದೆ, ಸೋಮೇಶ್ವರ ಗುಡಿಯೂ ಇದೆ. ಜೈನರೂ ಉಳ್ಳಾಗಡ್ಡಿ ಬಿಡುತ್ತಾರೆ, ಆದರೆ ಅವರ ಕಾರಣ ಬೇರೆ. ಒಂದು ಗಡ್ಡೆಯಲ್ಲಿ ಅನಂತ ಜೀವಗಳಿವೆ, ಕಿತ್ತರೆ ಅಷ್ಟೂ ಹೋಗುತ್ತವೆ. ಅದಕ್ಕೇ ಘಾಟೇ ಇಲ್ಲದ ಬಟಾಟಿಯೂ ಬೇಡ; ಹಸಿಶುಂಠಿ ಬೇಡ, ಒಣಶುಂಠಿ ಆದೀತು. ಇಂಗಿನ ಪಾಡು ನೋಡಿ. ಬೌದ್ಧರು ಎಣಿಸುವ ಐದು ಘಾಟುಗಳಲ್ಲಿ ಇಂಗೂ ಸೇರಿದೆ. ನಮ್ಮಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟ ಮನೆಗಳಲ್ಲಿ ಒಗ್ಗರಣೆಗೆ ಮೊದಲು ಬೀಳುವುದೇ ಅದು! ಇಂಗು ಒಂದೇ, ಕೇಳಿದ ಪ್ರಶ್ನೆ ಬೇರೆಯಾದದ್ದರಿಂದ ಒಂದು ಕಡೆ ಮಣೆ, ಇನ್ನೊಂದು ಕಡೆ ತಡೆ.

ಗದಗ ಜಿಲ್ಲೆ ಉಳ್ಳಾಗಡ್ಡಿ ಬೆಳೆಯುವ ಸೀಮೆ. ಇಲ್ಲಿನ ಲಿಂಗಾಯತ ಮನೆಗಳಲ್ಲಿ ಜ್ವಾಳದ ರೊಟ್ಟಿಯ ಮಗ್ಗುಲಿಗೆ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ ಇರಲೇಬೇಕು. ಹಾಗಿದ್ದರೆ ಶರಣರು ಘಮದ ವಿಚಾರವನ್ನೇ ಮಾಡಲಿಲ್ಲವೆ? ಮಾಡಿದರು, ಬಹಳ ಆಳಕ್ಕಿಳಿದು ಮಾಡಿದರು. ಷಟ್‌ಸ್ಥಲದಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗ: ನಾಲಿಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಮೂಗಿಗೆ ಆಚಾರಲಿಂಗ. ಮೂಗಿಗೆ ಬಂದ ಗಂಧ ಮೊದಲು ಆಚಾರಲಿಂಗಕ್ಕೆ ಅರ್ಪಿತವಾಗಬೇಕು, ಆಮೇಲೆ ಅದು ಪ್ರಸಾದ. ಇಲ್ಲಿ ಯಾವ ಸೊಪ್ಪೂ ಬಾಗಿಲಲ್ಲಿ ನಿಲ್ಲುವುದಿಲ್ಲ. ಜವಾಬ್ದಾರಿಯೆಲ್ಲ ಉಣ್ಣುವವನ ನಡತೆಯ ಮೇಲೆ ಬೀಳುತ್ತದೆ. ಕಂಡವರ ಹೊಲದಿಂದ ಕದ್ದು ತಂದ ಕೊತ್ತಂಬರಿ ಎಷ್ಟು ಘಮ್ಮೆಂದರೂ ಲಿಂಗಕ್ಕೆ ಸಲ್ಲದು, ಕಾಯಕದಿಂದ ಬಂದ ಉಳ್ಳಾಗಡ್ಡಿ ಸಲ್ಲುತ್ತದೆ.

ಈ ಮೂರು ದಾರಿಗಳಲ್ಲಿ ಶರಣರ ಈ ದಾರಿಯೇ ಹೆಚ್ಚು ಕಠಿಣ. ಘಾಟನ್ನು ಅಡುಗೆಮನೆಯಿಂದ ಹೊರಗಿಡಬಹುದು. ತುತ್ತು ತುತ್ತಿಗೂ ತನ್ನನ್ನೇ ಒರೆಗೆ ಹಚ್ಚುವುದು ಹಾಗಲ್ಲ. ಆದರೆ ಜೈನರ ಪ್ರಶ್ನೆಯನ್ನು ಇದು ಮುಟ್ಟುವುದಿಲ್ಲ. ಉಣ್ಣುವವನ ನಡತೆ ಎಷ್ಟೇ ಶುದ್ಧವಿರಲಿ, ಕಿತ್ತ ಗಡ್ಡೆಯ ಜೀವ ಹೋಗಿರುತ್ತದೆ.