ದಳದ ಕೀರ್ತಿ, ದಳದ ಹೊಣೆ

ಯುದ್ಧದಲ್ಲಿ ಸಾಹಸ ತೋರಿದ ಯೋಧನ ಎದೆಗೆ ಪದಕ ತೊಡಿಸುವ ರೂಢಿ ಬಹಳ ಹಳೆಯದು. ಆದರೆ ಸೇನೆಯ ಒಂದು ಘಟಕವನ್ನೇ ಒಬ್ಬ ವೀರನೆಂದು ಭಾವಿಸಿ, ಅದರಲ್ಲಿ ಹಾರಿದವರನ್ನೂ ನೆಲದ ಮೇಲೆ ಉಳಿದು ದುಡಿದವರನ್ನೂ ಒಟ್ಟಾಗಿ ಮನ್ನಿಸುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಯಂತ್ರಯುದ್ಧದಲ್ಲಿ ಬಲಗೊಂಡಿತು. ಅಮೆರಿಕವು 1942ರಲ್ಲಿ ಆರಂಭಿಸಿದ ಡಿಸ್ಟಿಂಗ್ವಿಷ್ಡ್ ಯೂನಿಟ್ ಸೈಟೇಷನ್ ಎಂಬ ಘಟಕ ಪ್ರಶಸ್ತಿ ಇದಕ್ಕೆ ಒಳ್ಳೆಯ ನಿದರ್ಶನ. ಪೂರ್ವಭಾರತದ ನೆಲೆಗಳಲ್ಲಿದ್ದ ಬಿ-29 ಬಾಂಬರ್ ವಿಮಾನಗಳು ಚೀನಾದ ಚೆಂಗ್ಡು ಬಳಿಯ ನೆಲೆಗಳ ಮೂಲಕ ಸಾಗಿ 1944ರ ಆಗಸ್ಟ್ 20ರಂದು ಜಪಾನಿನ ಯವಾಟದ ಉಕ್ಕಿನ ಕಾರ್ಖಾನೆಯ ಮೇಲೆ ದಾಳಿ ಮಾಡಿದಾಗ, ಆ ದಾಳಿಗಾಗಿ 40ನೆಯ ಬಾಂಬರ್ ದಳಕ್ಕೆ ಈ ಗೌರವ ಸಂದಿತು. ಒಂದೊಂದು ವಿಮಾನದಲ್ಲಿ ಹಾರುತ್ತಿದ್ದವರು ಹನ್ನೊಂದು ಮಂದಿ. ಅದನ್ನು ಹಾರಲು ಅಣಿಗೊಳಿಸುತ್ತಿದ್ದವರು ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾದರೆ ಆ ಕಾರ್ಯದ ಕರ್ತೃ ಯಾರು? ಪ್ರತಿಯೊಂದು ಜೀವವೂ ತಾನು ಮಾಡಿದ್ದನ್ನು ತಾನೇ ಉಣ್ಣುತ್ತದೆಂದು ಸಾರುವ ಕರ್ಮಸಿದ್ಧಾಂತದಲ್ಲಿ ಹೀಗೆ ಹಂಚಿಕೊಂಡ ಕೀರ್ತಿಗೆ ನೆಲೆಯುಂಟೆ?

ಹಾಸನ ಜಿಲ್ಲೆಯ ನೆಲದಲ್ಲಿ ಈ ಪ್ರಶ್ನೆಗೆ ದೀರ್ಘವಾದ ಹಿನ್ನೆಲೆಯಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು 450ರ ಕಾಲದ್ದೆಂದು ಹೇಳಲಾಗುವ ಶಾಸನವೇ ಒಂದು ಶೌರ್ಯದ ಪುರಸ್ಕಾರವಾಗಿದ್ದು, ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಎಂದರೆ ನೆತ್ತರು ಮೆತ್ತಿದ ಕತ್ತಿಯನ್ನು ತೊಳೆಯುವ ಗೌರವದ ದತ್ತಿಯಾಗಿ ಕೊಟ್ಟುದನ್ನು ಅದು ದಾಖಲಿಸುತ್ತದೆ. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಎಂಬ ಕ್ರಮವಿದ್ದು, ಸ್ವರ್ಗವು ಬಿದ್ದವನಿಗೇ ಮೀಸಲಾಗಿದೆ. ಅವನ ಬಾಣಕ್ಕೆ ಅಲಗು ಬಡಿದ ಕಮ್ಮಾರನಾಗಲಿ ಬುತ್ತಿ ಕಟ್ಟಿದವರಾಗಲಿ ಆ ಕಲ್ಲುಗಳಲ್ಲಿ ಕಾಣಸಿಗುವುದು ಅಪರೂಪ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಕಲ್ಲೊಂದು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ನಾಯಿಗೂ ಕಲ್ಲು ನೆಟ್ಟ ಉದಾರ ಪರಂಪರೆಯಲ್ಲಿಯೂ ಹೋರಾಡಿ ಸಾಯುವುದೇ ಸ್ಮರಣೆಗೆ ಅರ್ಹತೆಯಾಗಿತ್ತು.

ಸಕಲೇಶಪುರದ ಸಮೀಪದ ಆನೇಮಹಲ್‌ನಲ್ಲಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯ ಒಳಾವರಣದಲ್ಲಿ ನೆಲಮಟ್ಟದಿಂದ ಕೆಳಗೆ ಕಟ್ಟಿದ ಮದ್ದಿನ ಕೋಣೆಗಳಿವೆ. ಮಲೆನಾಡಿನ ಮುಂಗಾರಿನಲ್ಲಿ, ಮಂಜು ಮುಸುಕಿದ ಈ ಗುಡ್ಡದ ಮೇಲೆ ಕೋವಿಮದ್ದನ್ನು ಒಣಗಿದಂತೆ ಕಾಯುವುದು ಎಷ್ಟು ಕಠಿಣವೆಂಬುದನ್ನು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ತೇವಗೊಂಡರೆ ಕೊತ್ತಲದ ಮೇಲೆ ನಿಂತವನ ಶೌರ್ಯವು ವ್ಯರ್ಥವಾಗುತ್ತಿತ್ತು; ಆದರೂ ಅದನ್ನು ಕಾಯುವವನು ವೈರಿಯ ಮುಖವನ್ನೇ ನೋಡದೆ ತನ್ನ ಸೇವೆ ಮುಗಿಸಬಹುದಿತ್ತು. ಬಾಂಬರ್ ದಳದ ನೆಲದ ಸಿಬ್ಬಂದಿಯ ಸ್ಥಿತಿಯೂ ಇದೇ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಹೇಳಿ, ತಾನೊಬ್ಬನೇ ಮಾಡಿದೆನೆಂದು ಬಗೆಯುವವನ ತಿಳಿವು ಪಕ್ವವಾದುದಲ್ಲವೆನ್ನುತ್ತದೆ. ಭಾಷ್ಯಕಾರರು ಅಧಿಷ್ಠಾನವನ್ನು ದೇಹವೆಂದೂ ಕರಣವನ್ನು ಇಂದ್ರಿಯಗಳೆಂದೂ ವಿವರಿಸುವುದರಿಂದ, ಆ ಮಾತು ನೇರವಾಗಿ ಸೇನೆಯ ದಳವನ್ನು ಕುರಿತದ್ದಲ್ಲ. ಆದರೂ ಒಂದೇ ದೇಹದೊಳಗಿನ ಕ್ರಿಯೆಯನ್ನು ಹಲವು ಕಾರಣಗಳಿಗೆ ಹಂಚುವ ಈ ದೃಷ್ಟಿಯನ್ನು ಹಲವು ದೇಹಗಳು ಕೂಡಿ ಮಾಡುವ ಕ್ರಿಯೆಗೆ ವಿಸ್ತರಿಸುವುದು ಅಸಂಗತವಾಗದು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟು ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇದೇ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದ್ದರಿಂದಲೇ 1948ರಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಭಾರಿ ಬಾಂಬರ್ ದಳವಾಗಿ ರೂಪುಗೊಂಡಿತು. ಆ ಫಿಟ್ಟರುಗಳ ಕೈಗಳನ್ನು ಬಿಟ್ಟು ಆ ದಳದ ಹಾರಾಟವನ್ನು ವರ್ಣಿಸುವುದು ಅಸಾಧ್ಯ. ಈ ಅರ್ಥದಲ್ಲಿ ಘಟಕ ಪ್ರಶಸ್ತಿಯು ವ್ಯಕ್ತಿಗೆ ಕೊಡುವ ಪದಕಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆ.

ಆದರೆ ಕೀರ್ತಿಯನ್ನು ಹಂಚುವ ಈ ತರ್ಕವು ಅಲ್ಲಿಗೇ ನಿಲ್ಲುವುದಿಲ್ಲ. ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ, ಎಂದರೆ ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಎಂದು ವಿಂಗಡಿಸಿ, ಮೂರರಲ್ಲೂ ಕರ್ಮಬಂಧವನ್ನು ಕಾಣುತ್ತದೆ. ಬೌದ್ಧಾಚಾರ್ಯ ವಸುಬಂಧುವು ಅಭಿಧರ್ಮಕೋಶದಲ್ಲಿ ಇನ್ನೂ ನಿಷ್ಠುರವಾಗಿ, ಸೈನ್ಯದ ಉದ್ದೇಶ ಒಂದೇ ಆಗಿರುವುದರಿಂದ ಕೊಂದವನ ಪಾಪವು ಅದರಲ್ಲಿರುವ ಎಲ್ಲರಿಗೂ ತಗಲುತ್ತದೆಂದು ವಾದಿಸುತ್ತಾನೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಸ್ವತಃ ಗಂಗರ ಸೇನಾಪತಿಯಾಗಿದ್ದನು. ಗೃಹಸ್ಥನಿಗೆ ಆತ್ಮರಕ್ಷಣೆಯ ಕಾಳಗವನ್ನು ವಿರೋಧಿ ಹಿಂಸೆಯೆಂದು ಜೈನ ಚಿಂತನೆ ಸಹಿಸಿತಾದರೂ ಅದನ್ನು ಅಹಿಂಸೆಯೆಂದು ಎಂದೂ ಕರೆಯಲಿಲ್ಲ. ಬಾಂಬಿಗೆ ಸಿಡಿಕೀಲು ತೊಡಿಸಿದವನಿಗೆ ಗೆಲುವಿನಲ್ಲಿ ಪಾಲಿದೆಯೆಂದಾದರೆ, ಆ ಬಾಂಬು ಬಿದ್ದ ಕೇರಿಯ ಸಾವುಗಳಲ್ಲಿ ಪಾಲಿಲ್ಲವೆನ್ನುವುದು ಹೇಗೆ? ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕುವ ವಾದಕ್ಕೆ ಈ ಮೂರು ದರ್ಶನಗಳಲ್ಲಿ ಯಾವುದರ ಬೆಂಬಲವೂ ದೊರೆಯದು.

ಹಾಗೆಂದು ಗೌರವವನ್ನೇ ತಡೆಹಿಡಿಯುವುದು ಪರಿಹಾರವಾಗದು. ಭಾರತೀಯ ತರ್ಕಶಾಸ್ತ್ರವು ಹೇತುವನ್ನು ಕಾರಕ, ಜ್ಞಾಪಕ ಎಂದು ಎರಡಾಗಿ ಬೇರ್ಪಡಿಸುತ್ತದೆ. ಕಾರಕವು ವಸ್ತುವನ್ನು ಹುಟ್ಟಿಸಿದರೆ ಜ್ಞಾಪಕವು ಇರುವುದನ್ನು ತಿಳಿಸುತ್ತದೆ. ಪ್ರಶಸ್ತಿಯು ಜ್ಞಾಪಕ ಮಾತ್ರ. ನೆರೆಯ ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಮಡಿದರೂ ಮಹಾವೀರ ಚಕ್ರವು ಅವರಿಗೆ ಮರಣೋತ್ತರವಾಗಿ ಸಂದದ್ದು 1988ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷಗಳಲ್ಲಿ ಅವರ ಶೌರ್ಯಕ್ಕೆ ಕೊರತೆಯೇನೂ ಇರಲಿಲ್ಲ, ಕೊರತೆಯಿದ್ದುದು ಲೋಕದ ತಿಳಿವಿನಲ್ಲಿ. ತಿಳಿಸುವುದೇ ಪ್ರಶಸ್ತಿಯ ಧರ್ಮವಾದರೆ ಅದು ಅರ್ಧವನ್ನಷ್ಟೇ ತಿಳಿಸುವುದು ಸಲ್ಲದು. ಎರಡನೆಯ ಮಹಾಯುದ್ಧದಲ್ಲಿ 55,573 ವಾಯುಯೋಧರನ್ನು ಕಳೆದುಕೊಂಡ ಬ್ರಿಟನ್ನಿನ ಬಾಂಬರ್ ಕಮಾಂಡ್‌ಗೆ ಲಂಡನ್ನಿನಲ್ಲಿ ಸ್ಮಾರಕವೆದ್ದದ್ದು 2012ರಷ್ಟು ತಡವಾಗಿ. ಆದರೆ ಅದರ ಮೇಲಿನ ಬರಹವು ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುತ್ತದೆ. ವೀರಗಲ್ಲಿನ ಪರಂಪರೆ ಮುಟ್ಟದ ಎತ್ತರವಿದು.

ಭಾರತದಲ್ಲಿಯೂ ರಾಷ್ಟ್ರಪತಿಗಳ ಧ್ವಜ ಪ್ರದಾನ, ವಾಯುಪಡೆಯ ಮುಖ್ಯಸ್ಥರ ಘಟಕ ಪ್ರಶಸ್ತಿಪತ್ರ ಮೊದಲಾದ ಗೌರವಗಳು ದಳಗಳಿಗೆ ಸಲ್ಲುತ್ತಿವೆ. ಅವುಗಳ ಚರಿತ್ರೆಯನ್ನು ಬರೆಯುವವರು ಹಾರಿದವರ ಹೆಸರಿನ ಪಕ್ಕದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದವರ, ಬಾಂಬು ಏರಿಸಿದವರ, ಅಡುಗೆ ಮಾಡಿದವರ ಹೆಸರುಗಳನ್ನು ಬರೆಯಲಿ. ಅದೇ ಪುಟದಲ್ಲಿ ದಾಳಿಗೆ ತುತ್ತಾದ ಊರಿನ ಹೆಸರನ್ನೂ ಅಲ್ಲಿ ಸತ್ತವರ ಸಂಖ್ಯೆಯನ್ನೂ ಮುಚ್ಚಿಡದೆ ದಾಖಲಿಸಲಿ.